ಟ್ಯಾಂಕರಿನ ಬೆನ್ನ ಮೇಲಿನ ‘ಇನ್’

ಹೆದ್ದಾರಿಯಲ್ಲಿ ಹೋಗುವ ಪೆಟ್ರೋಲ್ ಟ್ಯಾಂಕರುಗಳ ಹಿಂಬದಿಯಲ್ಲಿ ‘ಹೈಲಿ ಇನ್‌ಫ್ಲೇಮಬಲ್’ ಎಂದು ಬರೆದಿರುತ್ತದೆ. ಇಂಗ್ಲಿಷಿನಲ್ಲಿ ‘ಫ್ಲೇಮಬಲ್’ ಎಂಬ ಪದವೂ ಉಂಟು. ಎರಡರ ಅರ್ಥವೂ ಒಂದೇ: ಬೇಗ ಬೆಂಕಿ ಹತ್ತುವಂಥದ್ದು. ಆದರೆ ‘ಕರೆಕ್ಟ್’ ಎಂಬುದರ ವಿರುದ್ಧಪದ ‘ಇನ್‌ಕರೆಕ್ಟ್’ ಎಂದು ಶಾಲೆಯಲ್ಲಿ ಉರುಹೊಡೆದವರು ಇನ್‌ಫ್ಲೇಮಬಲ್ ಎಂದರೆ ಬೆಂಕಿ ಹತ್ತದ್ದು ಎಂದುಕೊಂಡರೆ ಅದನ್ನು ದಡ್ಡತನ ಎನ್ನಲಾಗದು. ಕಲಿಸಿದ ನಿಯಮವನ್ನೇ ಅವರು ಪಾಲಿಸಿದ್ದಾರೆ. ತೊಡಕು ಇರುವುದು ಲ್ಯಾಟಿನ್ನಿನಲ್ಲಿ. ಅಲ್ಲಿ ‘ಇನ್’ಗಳು ಎರಡು. ಒಂದು ನಮ್ಮ ‘ಅನರ್ಹ’ದ ‘ಅನ್’ಗೆ ದಾಯಾದಿ, ಇಲ್ಲ ಎನ್ನುವುದು ಅದರ ಕೆಲಸ. ಇನ್ನೊಂದು ‘ಒಳಗೆ’ ಎನ್ನುವಂಥದ್ದು. ಟ್ಯಾಂಕರಿನ ಮೇಲೆ ಕೂತಿರುವುದು ಇದೇ. ‘ವಿಖ್ಯಾತ’ದಲ್ಲಿ ಕೂಡಿಸುವ ‘ವಿ’ಯೇ ‘ವಿಫಲ’ದಲ್ಲಿ ಕಳೆಯುವುದನ್ನು ಬಲ್ಲ ನಮಗೆ ಇಂಥ ಆಟ ಹೊಸದೇನಲ್ಲ.

1920ರ ದಶಕದಲ್ಲಿ ಅಮೆರಿಕದ ನ್ಯಾಷನಲ್ ಫೈರ್ ಪ್ರೊಟೆಕ್ಷನ್ ಅಸೋಸಿಯೇಷನ್ ‘ಫ್ಲೇಮಬಲ್’ ಎಂದೇ ಬರೆಯಿರಿ ಎಂದು ಒತ್ತಾಯಿಸಿತು. ಇದು ಕತ್ತರಿಸಿದ ಪದ, ಹಳೆಯದೇ ಶುದ್ಧ ಎಂದು ಪಂಡಿತರು ಮೂಗು ಮುರಿದರು. ಹಳೆಯದು ‘ಇನ್‌ಫ್ಲೇಮಬಲ್’ ಎಂಬುದು ನಿಜ. ಆದರೆ ಲ್ಯಾಟಿನ್ನಿನಲ್ಲಿ ‘ಫ್ಲಮ್ಮಾರೆ’ ಎಂಬ ಧಾತುವೂ ಇದೆ, ‘ಫ್ಲೇಮಬಲ್’ 19ನೇ ಶತಮಾನದಲ್ಲೇ ಇಂಗ್ಲಿಷಿಗೆ ಬಂದಿತ್ತು. ಅಷ್ಟಕ್ಕೂ ಎಚ್ಚರಿಕೆಯ ಫಲಕದಲ್ಲಿ ಪದದ ಕುಲಗೋತ್ರ ಯಾರಿಗೆ ಬೇಕು? ಓದುವವರಿಗೆ ಕಲಿಸಬೇಕು, ಪದ ಬದಲಿಸುವುದಲ್ಲ ಎಂಬ ವಾದ ಇನ್ನೂ ಗಟ್ಟಿ. ಕಲಿಸೋಣ, ತರಗತಿಯಲ್ಲಿ. ಟ್ಯಾಂಕರಿನ ಪಕ್ಕ ಬೀಡಿ ಹಚ್ಚಲು ಹೊರಟವನಿಗೆ ವ್ಯಾಕರಣ ಹೇಳುವಷ್ಟು ಹೊತ್ತಿರುವುದಿಲ್ಲ. ಅಗ್ನಿ ವಿಮಾ ಕಂಪನಿಯಲ್ಲಿ ಕೆಲಸ ಮಾಡುತ್ತಿದ್ದ ಭಾಷಾವಿಜ್ಞಾನಿ ಬೆಂಜಮಿನ್ ಲೀ ವೋರ್ಫ್ ಗಮನಿಸಿದ್ದೂ ಒಂದು ವಿಶೇಷಣದ ಅಪಾಯವನ್ನೇ: ‘ಖಾಲಿ’ ಎಂದು ಕರೆದ ಪೆಟ್ರೋಲ್ ಡ್ರಮ್ಮುಗಳ ಹತ್ತಿರ ಜನ ನಿಶ್ಚಿಂತೆಯಿಂದ ಸಿಗರೇಟು ಸೇದುತ್ತಿದ್ದರು, ಒಳಗೆ ಹೊತ್ತಿಕೊಳ್ಳುವ ಆವಿ ತುಂಬಿದ್ದರೂ.

ಹಾಗಾದರೆ ‘ಇನ್‌ವ್ಯಾಲ್ಯುಬಲ್’ನ ‘ಇನ್’ ಅನ್ನೂ ಕಿತ್ತುಹಾಕಬೇಕೇ? ಬೇಡ. ಬೆಲೆಕಟ್ಟಲಾಗದ್ದನ್ನು ಬೆಲೆಯಿಲ್ಲದ್ದು ಎಂದು ತಿಳಿದರೆ ಯಾರದೋ ಮುಖ ಸಣ್ಣದಾಗಬಹುದು, ಪ್ರಾಣ ಹೋಗದು. ಕಾದಂಬರಿಕಾರರು ಮುಂಗೋಪಿಗಳನ್ನು ‘ಇನ್‌ಫ್ಲೇಮಬಲ್’ ಎಂದೇ ಬಣ್ಣಿಸಲಿ. ನಮ್ಮ 1952ರ ‘ಇನ್‌ಫ್ಲೇಮಬಲ್ ಸಬ್‌ಸ್ಟೆನ್ಸಸ್ ಆ್ಯಕ್ಟ್’ ಕೂಡ ಆ ಹೆಸರಿನಲ್ಲೇ ಇದ್ದರೆ ನಷ್ಟವಿಲ್ಲ, ಅದನ್ನು ಓದುವವರು ವಕೀಲರು. ಟ್ಯಾಂಕರಿಗೆ ಬಣ್ಣ ಬಳಿಸುವವರು ಮಾತ್ರ ‘ಫ್ಲೇಮಬಲ್’ ಎಂದು ಬರೆಸಲಿ, ಕೆಳಗೆ ದಪ್ಪ ಕನ್ನಡ ಅಕ್ಷರದಲ್ಲಿ ‘ಬೇಗ ಬೆಂಕಿ ಹತ್ತುತ್ತದೆ’ ಎಂದೂ ಸೇರಿಸಲಿ.