ಕುಡಿದ ಸಕ್ಕರೆ, ಏರಿದ ತೂಕ

ಸಕ್ಕರೆಯನ್ನು ತಿಂದರೆ ಹೊಟ್ಟೆ ಲೆಕ್ಕ ಇಡುತ್ತದೆ, ಕುಡಿದರೆ ಇಡುವುದಿಲ್ಲ. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕರು 2000ದಲ್ಲಿ ಪ್ರಕಟಿಸಿದ ಪುಟ್ಟ ಪ್ರಯೋಗವೊಂದು ಈ ಸೂಚನೆ ಕೊಟ್ಟಿತು. 15 ಮಂದಿಗೆ ನಾಲ್ಕು ವಾರ ದಿನವೂ 450 ಕ್ಯಾಲೊರಿಯಷ್ಟು ಜೆಲ್ಲಿ ಮಿಠಾಯಿ, ಮತ್ತೆ ನಾಲ್ಕು ವಾರ ಅಷ್ಟೇ ಕ್ಯಾಲೊರಿಯ ಸೋಡ. ಮಿಠಾಯಿ ತಿಂದ ದಿನಗಳಲ್ಲಿ ಯಾರೂ ಹೇಳದಿದ್ದರೂ ಅವರು ಊಟ ತಗ್ಗಿಸಿಕೊಂಡರು. ಸೋಡ ಕುಡಿದ ದಿನಗಳಲ್ಲಿ ಊಟ ತಗ್ಗಲಿಲ್ಲ, ತೂಕ ಏರಿತು.

ಸಕ್ಕರೆಯ ಬಗ್ಗೆ ಎಚ್ಚರಿಕೆ ಹೊಸದಲ್ಲ. ಬ್ರಿಟನ್ನಿನ ಪೌಷ್ಟಿಕತಜ್ಞ ಜಾನ್ ಯುಡ್ಕಿನ್ 1972ರಲ್ಲೇ ಅದರ ಮೇಲೆ ಪುಸ್ತಕ ಬರೆದಿದ್ದರು. ಪಾನೀಯಗಳನ್ನೇ ಪ್ರತ್ಯೇಕವಾಗಿ ಹಿಡಿದು ತೂಕದ ಜೊತೆ ತಾಳೆ ನೋಡುವ ಕೆಲಸ ಬಿರುಸಾದದ್ದು ಆಮೇಲೆ. 2001ರಲ್ಲಿ ಡೇವಿಡ್ ಲುಡ್ವಿಗ್ ಮತ್ತು ಸಂಗಡಿಗರು ಮ್ಯಾಸಚುಸೆಟ್ಸ್‌ನ 548 ಶಾಲಾ ಮಕ್ಕಳನ್ನು 19 ತಿಂಗಳು ಗಮನಿಸಿ, ದಿನಕ್ಕೆ ಒಂದೊಂದು ಸಿಹಿ ಪಾನೀಯ ಹೆಚ್ಚಾದಂತೆ ಬಿಎಂಐ 0.24ರಷ್ಟು ಏರಿದ್ದನ್ನು ದಾಖಲಿಸಿದರು. 2004ರಲ್ಲಿ 50 ಸಾವಿರಕ್ಕೂ ಹೆಚ್ಚು ಅಮೆರಿಕನ್ ದಾದಿಯರ ಅಧ್ಯಯನವೂ ಅದೇ ದಿಕ್ಕನ್ನು ತೋರಿಸಿತು.

ಆದರೆ ಕೋಲಾ ಕುಡಿಯುವವರು ಚಿಪ್ಸ್ ತಿನ್ನುವವರೂ ಆಗಿರಬಹುದು. ತಪ್ಪು ಯಾವುದರದ್ದು? ಈ ಪ್ರಶ್ನೆ ನ್ಯಾಯವಾದದ್ದೇ. ಅದನ್ನು ಉದ್ಯಮ ತನ್ನ ಅನುಕೂಲಕ್ಕೆ ಬಳಸಿಕೊಂಡದ್ದೂ ಅಷ್ಟೇ ನಿಜ. ಆಹಾರಕ್ಕಿಂತ ವ್ಯಾಯಾಮದ ಕಡೆ ಗಮನ ತಿರುಗಿಸುತ್ತಿದ್ದ ವಿಜ್ಞಾನಿಗಳ ಕೂಟವೊಂದಕ್ಕೆ ಕೋಕಾ-ಕೋಲಾ ಹಣ ಕೊಟ್ಟಿದ್ದು 2015ರಲ್ಲಿ ಬಯಲಾಯಿತು, ಅದೇ ವರ್ಷ ಆ ಕೂಟ ಬಾಗಿಲು ಹಾಕಿತು.

ಅಷ್ಟರಲ್ಲಿ ಆ ಪ್ರಶ್ನೆಗೆ ನೆದರ್ಲೆಂಡ್ಸ್‌ನಿಂದ ಉತ್ತರ ಬಂದಿತ್ತು. ಆಮ್‌ಸ್ಟರ್‌ಡಾಮ್ ಪ್ರದೇಶದ 641 ಮಕ್ಕಳಿಗೆ 18 ತಿಂಗಳು ದಿನಕ್ಕೊಂದು 250 ಮಿ.ಲೀ. ಕ್ಯಾನ್ ಕೊಡಲಾಯಿತು. ಅರ್ಧದಷ್ಟು ಮಕ್ಕಳದ್ದು ಸಕ್ಕರೆಯದು, ಇನ್ನರ್ಧದಷ್ಟು ಮಕ್ಕಳದ್ದು ಕೃತಕ ಸಿಹಿಯದು. ನೋಟದಲ್ಲಾಗಲಿ ರುಚಿಯಲ್ಲಾಗಲಿ ವ್ಯತ್ಯಾಸ ತಿಳಿಯದಂತೆ ತಯಾರಿಸಿದ ಪಾನೀಯ ಅದು. ಯಾರ ಪಾಲಿಗೆ ಯಾವುದು ಎಂಬುದು ಮಕ್ಕಳಿಗೂ ಗೊತ್ತಿರಲಿಲ್ಲ, ಸಂಶೋಧಕರಿಗೂ ಗೊತ್ತಿರಲಿಲ್ಲ. ನಿಜವಾಗಿಯೂ ಕುಡಿದರೇ ಎಂದು ಮೂತ್ರದಲ್ಲಿ ಆ ಕೃತಕ ಸಿಹಿಯಾದ ಸುಕ್ರಲೋಸ್ ಇದೆಯೇ ಎಂದೂ ನೋಡಿದರು. ಬೆಳೆಯುವ ಮಕ್ಕಳಾದ್ದರಿಂದ ಎರಡೂ ಗುಂಪಿನ ತೂಕ ಏರಲೇಬೇಕಿತ್ತು: ಸಕ್ಕರೆಯವರದ್ದು 7.37 ಕಿಲೋ, ಉಳಿದವರದ್ದು 6.35. ಬದಲಾದದ್ದು ದಿನಕ್ಕೆ ಒಂದು ಕ್ಯಾನಿನ 104 ಕ್ಯಾಲೊರಿ ಮಾತ್ರ. 2012ರಲ್ಲಿ ಈ ಫಲಿತಾಂಶ ಹೊರಬಂದ ಮೇಲೆ ಚಿಪ್ಸ್ ವಾದಕ್ಕೆ ಮೊದಲಿನ ಬಲ ಉಳಿಯಲಿಲ್ಲ.

ದೊಡ್ಡವರಲ್ಲಿ ಫಲ ಸಾಧಾರಣ. ಅಮೆರಿಕದ 810 ವಯಸ್ಕರ ಅಧ್ಯಯನದಲ್ಲಿ ದಿನಕ್ಕೊಂದು ಸಿಹಿ ಪಾನೀಯ ಬಿಟ್ಟವರ ತೂಕ 18 ತಿಂಗಳಲ್ಲಿ ಸುಮಾರು 0.65 ಕಿಲೋ ಇಳಿದಿತ್ತು. ಪವಾಡವಲ್ಲ, ಆದರೂ ಒಂದೇ ಅಭ್ಯಾಸದಿಂದ ಬಂದ ಫಲ.

ಈ ಕ್ಷೇತ್ರದ ನಿಜವಾದ ಪಾಠ ಇಷ್ಟರಲ್ಲಿಲ್ಲ. ಇಂಗ್ಲೆಂಡಿನ ಕ್ರೈಸ್ಟ್‌ಚರ್ಚ್‌ನ ಶಾಲೆಗಳಲ್ಲಿ ಸೋಡ ಬಿಡುವಂತೆ ವರ್ಷವಿಡೀ ಪಾಠ ಹೇಳಿದಾಗ ಅತಿತೂಕದ ಮಕ್ಕಳ ಪ್ರಮಾಣ ಏರಲಿಲ್ಲ. ಪಾಠ ಕೇಳದ ಗುಂಪಿನಲ್ಲಿ ಅದು ಶೇ. 7.5ರಷ್ಟು ಏರಿತ್ತು. ಪಾಠ ನಿಂತು ಎರಡು ವರ್ಷವಾಗುವಷ್ಟರಲ್ಲಿ ಆ ವ್ಯತ್ಯಾಸ ಕರಗಿತ್ತು. ಬಾಸ್ಟನ್‌ನ ಪ್ರಯೋಗವೊಂದರಲ್ಲಿ 224 ಹದಿಹರೆಯದವರ ಪೈಕಿ ಒಂದು ಗುಂಪಿನ ಮನೆಬಾಗಿಲಿಗೇ ಒಂದು ವರ್ಷ ನೀರು, ಸಕ್ಕರೆರಹಿತ ಪಾನೀಯ ತಲುಪಿಸಿದರು. ಮೊದಲ ವರ್ಷ ಲಾಭ ಕಂಡಿತು, ತಲುಪಿಸುವುದು ನಿಂತ ಮರುವರ್ಷ ಅದೂ ಉಳಿಯಲಿಲ್ಲ. ಕೈಗೆ ಏನು ಸಿಗುತ್ತದೋ ಅದನ್ನೇ ಜನ ಕುಡಿಯುತ್ತಾರೆ. ಮನಸ್ಸು ಗಟ್ಟಿ ಮಾಡಿಕೊಳ್ಳಿ ಎಂಬ ಉಪದೇಶದಿಂದ ಹೆಚ್ಚೇನೂ ಆಗದು. ಹಾಗಂತ ಡಯಟ್ ಸೋಡವನ್ನೇ ನೆಚ್ಚಿಕೊಳ್ಳುವಂತೆಯೂ ಇಲ್ಲ. ತೂಕ ನಿಯಂತ್ರಣಕ್ಕೆ ಕೃತಕ ಸಿಹಿ ಬೇಡವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸಲಹೆ ಕೊಟ್ಟಿದೆ.

ಹೀಗೆ ಕೆಲಸ ಪ್ರಯೋಗಾಲಯದಿಂದ ಅಂಗಡಿಗೆ ಬಂತು. ಮೆಕ್ಸಿಕೊ 2014ರ ಜನವರಿಯಿಂದ ಸಿಹಿ ಪಾನೀಯಗಳಿಗೆ ಲೀಟರಿಗೆ ಒಂದು ಪೆಸೊ ತೆರಿಗೆ ಹಾಕಿತು. ಆ ವರ್ಷ ಖರೀದಿ ಸರಾಸರಿ ಶೇ. 6ರಷ್ಟು ಇಳಿಯಿತು. ಬ್ರಿಟನ್ 2018ರಲ್ಲಿ ಸಕ್ಕರೆ ಹೆಚ್ಚಿದಷ್ಟೂ ತೆರಿಗೆ ಹೆಚ್ಚಾಗುವ ಕ್ರಮ ತಂದಿತು. ಅದು ಜಾರಿಯಾಗುವ ಮೊದಲೇ ಎಷ್ಟೋ ಕಂಪನಿಗಳು ತಮ್ಮ ಪಾನೀಯದ ಸಕ್ಕರೆ ಇಳಿಸಿದವು. ಭಾರತದಲ್ಲಿ 2025ರ ಸೆಪ್ಟೆಂಬರ್‌ನಿಂದ ಇಂಥ ಪಾನೀಯಗಳಿಗೆ ಶೇ. 40 ಜಿಎಸ್‌ಟಿ ಇದೆ. ಆದರೆ ಸಕ್ಕರೆ ಎಷ್ಟಿದ್ದರೂ ದರ ಒಂದೇ ಆದ್ದರಿಂದ ಕಡಿಮೆ ಹಾಕುವ ಕಂಪನಿಗೆ ಲಾಭವಿಲ್ಲ. ಇದು ತಿದ್ದಲೇಬೇಕಾದ ಲೋಪ.

ಕರ್ನಾಟಕದಲ್ಲಿ ಲೆಕ್ಕ ಬಾಟಲಿಗೇ ಮುಗಿಯುವುದಿಲ್ಲ. ಲೋಟಕ್ಕೆ ಎರಡು ಚಮಚದಂತೆ ದಿನಕ್ಕೆ ಮೂರು ಕಾಫಿ ಕುಡಿದರೆ ಸುಮಾರು 30 ಗ್ರಾಂ ಸಕ್ಕರೆ, ಅಂದರೆ 120 ಕ್ಯಾಲೊರಿ. ಡಚ್ ಮಕ್ಕಳ ಕ್ಯಾನಿಗಿಂತ ಇದು ಹೆಚ್ಚು. ವಿಶ್ವ ಆರೋಗ್ಯ ಸಂಸ್ಥೆ ಹೇಳುವ, ದಿನಕ್ಕೆ ಸುಮಾರು 25 ಗ್ರಾಂನ ಉತ್ತಮ ಮಿತಿಯೂ ಕಾಫಿಯಲ್ಲೇ ದಾಟಿತು. ಹಣ್ಣಿನ ಜ್ಯೂಸಿನ ಸಕ್ಕರೆಯೂ ಆ ಮಿತಿಯೊಳಗೇ ಬರಬೇಕು. ದರ್ಶಿನಿಗಳಲ್ಲಿ ಶುಗರ್‌ಲೆಸ್ ಎಂದು ಬಾಯಿಬಿಟ್ಟು ಕೇಳಿದವರಿಗೆ ಮಾತ್ರ ಸಕ್ಕರೆ ಇಲ್ಲದ ಕಾಫಿ ಸಿಗುತ್ತದೆ, ಸುಮ್ಮನಿದ್ದವರಿಗೆ ಸಿಹಿ. ಬಾಸ್ಟನ್‌ನ ಪಾಠವನ್ನು ಇಲ್ಲಿಗೆ ಅನ್ವಯಿಸುವುದಾದರೆ ಕಾಫಿಯನ್ನು ಸಪ್ಪೆಯಾಗಿಯೇ ಕೊಟ್ಟು, ಸಕ್ಕರೆಯ ಡಬ್ಬಿ ಮತ್ತು ಚಮಚವನ್ನು ಕೌಂಟರಿನ ಪಕ್ಕದಲ್ಲಿ ಇಡಬೇಕು. ಬೇಕಾದವರು ತಾವೇ ಹಾಕಿಕೊಳ್ಳಲಿ.