15 ಫ್ರಾಂಕಿನ ಊಟ

ಚರಿತ್ರೆಯ ಪುಸ್ತಕಗಳಲ್ಲಿ ರಾಜರು ಹುಟ್ಟುತ್ತಾರೆ, ಕಾದಾಡುತ್ತಾರೆ, ಸಾಯುತ್ತಾರೆ. ಅವರ ಕಾಲದಲ್ಲಿ ಯಾರ ಮನೆ ಒಲೆ ಉರೀತಿತ್ತು, ಯಾರ ಮನೆಯದು ತಣ್ಣಗಿತ್ತು ಅಂತ ಬರೆದವರು ಕಡಿಮೆ. ಅದರ ಬದಲು 'ಅಭಿರುಚಿ'ಯ ಬಗ್ಗೆ ಬೇಕಾದಷ್ಟು ಬರೆದಿದ್ದಾರೆ. ಅಭಿರುಚಿ ಅಂದ ಕೂಡಲೇ ಪ್ಯಾರಿಸ್ಸಿನ ಹೆಸರು ಬರುತ್ತದೆ. ಒಳ್ಳೆ ಊಟ, ಒಳ್ಳೆ ಉಡುಪು, ಒಳ್ಳೆ ಸಂಗೀತ ಅಲ್ಲಿನ ಹೆಂಗಸರಿಗೆ ಹುಟ್ಟಿನಿಂದಲೇ ಬಂದದ್ದು ಅನ್ನುವ ಹಾಗೆ ಮಾತಾಡುತ್ತಾರೆ. 'ಹುಟ್ಟಿನಿಂದ ಬಂದದ್ದು' ಅನ್ನುವ ಮಾತು ಎಲ್ಲಿ ಕೇಳಿದರೂ ನಮ್ಮ ಕಿವಿ ನೆಟ್ಟಗಾಗಬೇಕು. ಆದ್ದರಿಂದ ಒಬ್ಬ ಪ್ಯಾರಿಸ್ ಹೆಂಗಸಿನ ತಟ್ಟೆ, ಹಾಡು, ಕನ್ನಡಿ ಮೂರನ್ನೂ ಎದುರಿಗಿಟ್ಟುಕೊಂಡು ಸ್ವಲ್ಪ ಲೆಕ್ಕ ಹಾಕೋಣ.

ಆಕೆಯ ಹೆಸರು ಎಲಿಜಬೆತ್ ವಿಜೇ ಲೆಬ್ರನ್. 1755ರಲ್ಲಿ ಪ್ಯಾರಿಸ್ಸಿನಲ್ಲಿ ಹುಟ್ಟಿದವಳು. ರಾಣಿ ಮಾರಿ ಆಂತ್ವಾನೆತ್‌ಳ ಮೆಚ್ಚಿನ ಚಿತ್ರಕಾರ್ತಿ. ಆದರೆ ಹುಟ್ಟಿದ್ದು ಅರಮನೆಯಲ್ಲಲ್ಲ. ಅಪ್ಪ ಚಿತ್ರ ಬರೆದು ಹೊಟ್ಟೆ ಹೊರೆಯುತ್ತಿದ್ದವನು, ಅವ್ವ ಕೂದಲು ಕಟ್ಟುವ ಕಸುಬಿನವಳು. ಹುಡುಗಿಗೆ 12 ವರ್ಷವಾದಾಗ ಅಪ್ಪ ತೀರಿಕೊಂಡ. ಹರೆಯ ಮುಗಿಯುವ ಮೊದಲೇ ಈಕೆಯ ಕುಂಚ ಮನೆ ನಡೆಸಿತು. ಕಸುಬಿನ ಸಂಘಕ್ಕೆ ಸೇರದೆ ಚಿತ್ರ ಬರೆದಳೆಂದು 1774ರಲ್ಲಿ ಅವಳ ಕೆಲಸದ ಕೋಣೆಗೆ ಸರ್ಕಾರದವರು ಮೊಹರು ಹಾಕಿದರು. ದುಡಿದದ್ದನ್ನು ಮೊದಲು ಮಲತಂದೆ ಕಿತ್ತುಕೊಂಡ, ಆಮೇಲೆ ಗಂಡ ಕಿತ್ತುಕೊಂಡ. ರಾಜನ ಚಿತ್ರಕಲಾ ಅಕಾಡೆಮಿಯಲ್ಲಿ ಹೆಂಗಸರಿಗೆ ಇದ್ದದ್ದೇ ನಾಲ್ಕು ಜಾಗ. ಅದರಲ್ಲೊಂದು 1783ರಲ್ಲಿ ರಾಜನ ಅಪ್ಪಣೆಯಿಂದ ಈಕೆಗೆ ಸಿಕ್ಕಿತು. ಇಷ್ಟನ್ನು ಮೊದಲೇ ಹೇಳಿಬಿಡಬೇಕು. ಇಲ್ಲದಿದ್ದರೆ ಈಕೆಯನ್ನು ಬರೀ ಸುಪ್ಪತ್ತಿಗೆಯ ಹೆಣ್ಣು ಎಂದು ಬೈದು ಮುಂದೆ ಹೋಗುವುದು ಬಹಳ ಸುಲಭವಾಗುತ್ತದೆ. ಕೈಕೆಲಸದವರ ಮನೆಯಿಂದ ಮೇಲೆ ಬಂದವಳು ಮೇಲೆ ನಿಂತು ಏನು ಕಂಡಳು, ಏನು ಕಾಣಲಿಲ್ಲ? ನಮಗೆ ಬೇಕಾದ ಪ್ರಶ್ನೆ ಇದು.

ಮೊದಲು ಊಟ. ತನ್ನ ಮನೆಯ ರಾತ್ರಿಯೂಟ ಬಹಳ ಸರಳವಾಗಿತ್ತೆಂದು ಮುಪ್ಪಿನಲ್ಲಿ ಬರೆದ ನೆನಪುಗಳಲ್ಲಿ ಹೇಳಿಕೊಂಡಿದ್ದಾಳೆ. ಒಂದು ಕೋಳಿ, ಒಂದು ಮೀನು, ಒಂದು ತರಕಾರಿ, ಒಂದಿಷ್ಟು ಹಸಿ ಸೊಪ್ಪು. ಇಷ್ಟೇ. 1788ರಲ್ಲಿ ಒಂದು ದಿನ ಅವಳ ತಮ್ಮ ಪುರಾತನ ಗ್ರೀಕರ ಬಗೆಗಿನ ಪುಸ್ತಕವೊಂದನ್ನು ಓದಿ ಹೇಳುತ್ತಿದ್ದ. ಅದರಲ್ಲಿ ಗ್ರೀಕರ ಅಡಿಗೆಯ ವಿವರವೂ ಇತ್ತು. ಕೂಡಲೇ ಅಡಿಗೆಯಾಳನ್ನು ಕರೆಸಿ, ಕೋಳಿಗೆ ಒಂದು ಗ್ರೀಕ್ ಗೊಜ್ಜು, ಹಾವುಮೀನಿಗೆ ಇನ್ನೊಂದು ಮಾಡು ಅಂದಳು. ಜೇನು, ಒಣದ್ರಾಕ್ಷಿ ಹಾಕಿದ ಸಿಹಿ ರೊಟ್ಟಿ, ಯಾರೋ ಉಡುಗೊರೆ ಕೊಟ್ಟಿದ್ದ ಸೈಪ್ರಸ್ಸಿನ ಹಳೆ ದ್ರಾಕ್ಷಾರಸ. ನೆರೆಮನೆಯವನಿಂದ ಹಳೇ ಕಾಲದ ಮಡಿಕೆಗಳನ್ನು ಎರವಲು ತಂದಳು. ಬಂದ ನಂಟರಿಷ್ಟರಿಗೆಲ್ಲ ಬಟ್ಟೆ ಹೊದಿಸಿ ಗ್ರೀಕರ ವೇಷ ಹಾಕಿದಳು. ಒಬ್ಬ ಕವಿಯ ತಲೆಗೆ ಎಲೆಯ ಕಿರೀಟ ಇಟ್ಟಳು. ತಡವಾಗಿ ಬಂದ ಅತಿಥಿಗಳು ಬಾಗಿಲು ತೆರೆದಾಗ ಒಳಗೆ ಎಲ್ಲರೂ ಸೇರಿ ಗ್ಲುಕ್‌ನ ಹಾಡು ಹಾಡುತ್ತಿದ್ದರು.

ಈ ಸುದ್ದಿ ಊರೂರು ಸುತ್ತಿತು. ಊಟಕ್ಕೆ 20,000 ಫ್ರಾಂಕ್ ಆಯಿತು ಎಂದು ಅರಮನೆಯಲ್ಲಿ ಮಾತಾಯಿತು. ರೋಮಿಗೆ ಹೋಗುವಾಗ 40,000, ವಿಯೆನ್ನಾದಲ್ಲಿ 60,000, ಪೀಟರ್ಸ್‌ಬರ್ಗಿನಲ್ಲಿ 80,000. ಆದದ್ದು ಬರೀ 15 ಫ್ರಾಂಕ್ ಎಂದು ಲೆಬ್ರನ್ ನಗುತ್ತಾ ಬರೆಯುತ್ತಾಳೆ. ಗಾಳಿಸುದ್ದಿ ಸುಳ್ಳು, ಅವಳ ಮಾತೇ ನಿಜ ಅಂತ ಇಟ್ಟುಕೊಳ್ಳೋಣ. ಈಗ 15 ಫ್ರಾಂಕಿನ ಲೆಕ್ಕ ಹಾಕಿ. ಒಂದು ಫ್ರಾಂಕಿಗೆ 20 ಸೂ. 15 ಫ್ರಾಂಕ್ ಅಂದರೆ 300 ಸೂ. ಆ ಕಾಲದ ಪ್ಯಾರಿಸ್ ಕೂಲಿಯಾಳಿಗೆ ದಿನಕ್ಕೆ ಸಿಗುತ್ತಿದ್ದದ್ದು 20ರಿಂದ 30 ಸೂ. ಅಂದರೆ ಆ 'ಸರಳ' ಊಟ ಒಬ್ಬ ಕೂಲಿಯವನ ಹತ್ತು ಹದಿನೈದು ದಿನದ ಬೆವರು. ಬಡವರ ಮನೆ ನಡೆಯುತ್ತಿದ್ದದ್ದೇ ನಾಲ್ಕು ಪೌಂಡಿನ ರೊಟ್ಟಿಯಿಂದ. ಅದರ ಬೆಲೆ 1788ರ ಬೇಸಿಗೆಯಲ್ಲಿ 9 ಸೂ. ಬೆಳೆ ಹಾಳಾಗಿ 1789ರ ಫೆಬ್ರುವರಿ ಹೊತ್ತಿಗೆ 14 ಸೂ ದಾಟಿತು. ರೊಟ್ಟಿಗೇ ಅರ್ಧಕ್ಕಿಂತ ಹೆಚ್ಚು ಕೂಲಿ ಹೋದರೆ ಮಿಕ್ಕಿದ್ದಕ್ಕೆ ಏನು ಮಾಡೋದು? ಇಲ್ಲಿ ಲೆಬ್ರನ್ ಸುಳ್ಳು ಹೇಳಿಲ್ಲ. ಅವಳಿಗೆ 15 ಫ್ರಾಂಕ್ ನಿಜವಾಗಿಯೂ ಅಗ್ಗವಾಗಿ ಕಂಡಿತ್ತು. ಸರಳತೆ ಅನ್ನೋದು ಉಳ್ಳವರು ಆರಿಸಿಕೊಳ್ಳುವ ಒಂದು ರುಚಿ. ಇಲ್ಲದವರ ಸರಳತೆಗೆ ಬೇರೆ ಹೆಸರಿದೆ, ಹಸಿವು ಅಂತ.

ಅದೇ 1788ರಲ್ಲಿ ಇನ್ನೊಂದು ಊಟ ನಡೆಯಿತು. ಅದಕ್ಕೂ ನಮಗೂ ನಂಟಿದೆ. ಇಂಗ್ಲಿಷರ ವಿರುದ್ಧ ಫ್ರಾನ್ಸಿನ ನೆರವು ಕೇಳಲು ಟಿಪ್ಪು ಸುಲ್ತಾನ ಮೂವರು ದೂತರನ್ನು ಕಳಿಸಿದ್ದ. ಆಗಸ್ಟ್ 10ರಂದು ಹದಿನಾರನೆಯ ಲೂಯಿ ವರ್ಸೈ ಅರಮನೆಯಲ್ಲಿ ಅವರನ್ನು ಕಂಡ. ಲೆಬ್ರನ್ ಈ ಮೈಸೂರಿನವರನ್ನು ಒಪೆರಾದಲ್ಲಿ ನೋಡಿ, ಇವರ ಚಿತ್ರ ಬರೆಯಲೇಬೇಕೆಂದು ಹಟ ಹಿಡಿದಳು. ಬಿಳೀ ಮಸ್ಲಿನ್ ನಿಲುವಂಗಿ ತೊಟ್ಟು, ಕತ್ತಿಯ ಮೇಲೆ ಕೈಯಿಟ್ಟು ನಿಂತ ಮೊಹಮ್ಮದ್ ದರ್ವೇಶ್ ಖಾನನ ಆಳೆತ್ತರದ ಚಿತ್ರ ಅದ್ಭುತವಾಗಿದೆ. ಆ ಕೈಯನ್ನು, ಮುಖವನ್ನು ಎಷ್ಟು ಗೌರವದಿಂದ ಬರೆದಿದ್ದಾಳೆ!

ಆಮೇಲೆ ದೂತರು ಅವಳನ್ನು ಊಟಕ್ಕೆ ಕರೆದರು. ನೆಲದ ಮೇಲೆ ಊಟ. ಕುರಿಕಾಲಿನ ಖಾರದ ಅಡಿಗೆ. ದೂತರು ನಮ್ಮವರ ಹಾಗೇ ಕೈಯಿಂದ ಬಡಿಸಿದರು. ಆ ಕಂದುಗೈಗಳನ್ನೇ ಸೌಟು ಮಾಡಿಕೊಂಡದ್ದು ನೋಡಿ ತನಗೆ ಊಟವೇ ಸೇರಲಿಲ್ಲ, ಅಸಹ್ಯವಾಯಿತು ಎಂಬರ್ಥದ ಮಾತು ಅವಳ ನೆನಪುಗಳಲ್ಲಿದೆ. ಈ ದೂತರೇನು ಬಡವರಲ್ಲ. ಸುಲ್ತಾನನ ದರಬಾರಿನ ದೊಡ್ಡ ಮನುಷ್ಯರು. ಆದರೂ ಕೈಯ ಬಣ್ಣ ಕಣ್ಣಿಗೆ ಬಿತ್ತು. ಯೋಚನೆ ಮಾಡಿ: ಪುರಾತನ ಗ್ರೀಕರೂ ಒರಗಿಕೊಂಡು ಕೈಯಲ್ಲೇ ಉಣ್ಣುತ್ತಿದ್ದವರು. ಸತ್ತು ಎರಡು ಸಾವಿರ ವರ್ಷವಾದ ಗ್ರೀಕರ ವೇಷ ಹಾಕಿಕೊಳ್ಳುವುದು ಅಭಿರುಚಿ. ಬದುಕಿರುವ ಕಂದು ಮನುಷ್ಯ ಕೈಯಾರೆ ಬಡಿಸಿದರೆ ಅಸಹ್ಯ. ಕೈ ತಾಗಿದ್ದನ್ನು ಮುಟ್ಟದವರ ಮನಸ್ಸು ಹೇಗಿರುತ್ತದೆ ಅನ್ನುವುದನ್ನು ನಮ್ಮ ಓದುಗರಿಗೆ ವಿವರಿಸಿ ಹೇಳಬೇಕಾಗಿಲ್ಲ.

ಸಂಗೀತದ ವಿಷಯದಲ್ಲೂ ಹೀಗೇ. ಲೆಬ್ರನ್‌ಳ ಮನೆಯ ಸಂಗೀತಕ್ಕೆ ಪ್ಯಾರಿಸ್ಸೇ ಮುಗಿಬೀಳುತ್ತಿತ್ತು. ಗ್ರೆತ್ರಿ, ಸಕ್ಕೀನಿ ಮೊದಲಾದವರ ಹೊಸ ಒಪೆರಾಗಳ ಭಾಗಗಳು ರಂಗಕ್ಕೆ ಬರುವ ಮೊದಲೇ ಅವಳ ಮನೆಯಲ್ಲಿ ಕೇಳುತ್ತಿದ್ದವು. ಗಾರಾ ಹಾಡುತ್ತಿದ್ದ, ವಿಯೊತ್ತಿ ಪಿಟೀಲು ನುಡಿಸುತ್ತಿದ್ದ. ಚಿತ್ರಕ್ಕೆ ಕೂತ ರಾಣಿಯ ಜೊತೆ ತಾನೂ ಗ್ರೆತ್ರಿಯ ಹಾಡುಗಳನ್ನು ಹಾಡಿದ್ದನ್ನು, ರಾಣಿಯ ಶ್ರುತಿ ಕೆಲವು ಸಲ ತಪ್ಪುತ್ತಿದ್ದುದನ್ನು ಸಲಿಗೆಯಿಂದ ಬರೆದಿದ್ದಾಳೆ. ಮನೆ ಚಿಕ್ಕದು, ಕುರ್ಚಿ ಸಾಲುತ್ತಿರಲಿಲ್ಲ. ಫ್ರಾನ್ಸಿನ ಸೇನಾಧಿಪತಿಗಳೇ ನೆಲದ ಮೇಲೆ ಕೂರುತ್ತಿದ್ದರಂತೆ. ದಪ್ಪನೆಯ ಮುದುಕ ಮಾರ್ಷಲ್ ದ ನೊವಾಯ್ ಏಳಲಾರದೆ ಒದ್ದಾಡುತ್ತಿದ್ದನಂತೆ. ಮಾರ್ಷಲ್ ನೆಲದಲ್ಲಿ ಕೂತರೆ ಅದೊಂದು ಸೊಗಸಾದ ಕತೆ, ಮೈಸೂರಿನವನು ನೆಲದಲ್ಲಿ ಕೂತರೆ ಅದು ವಿಚಿತ್ರ!

ಇನ್ನು ಕನ್ನಡಿ. ಇಲ್ಲಿ ಲೆಬ್ರನ್ ನಿಜವಾಗಿ ಒಂದು ದೊಡ್ಡ ಕೆಲಸ ಮಾಡಿದಳು, ಅದನ್ನು ಒಪ್ಪಬೇಕು. ಆ ಕಾಲದ ಶ್ರೀಮಂತರು ತಲೆಗೆ ಬಿಳೀ ಪುಡಿ ಮೆತ್ತುತ್ತಿದ್ದರು. ಪುಡಿ ಮಾಡುತ್ತಿದ್ದದ್ದು ಗೋಧಿಯ ಗಂಜಿಯಿಂದ. ಹೊಟ್ಟೆಗೆ ಹೋಗಬೇಕಾದದ್ದು ತಲೆಗೆ ಹೋಗುತ್ತಿತ್ತು. ಲೆಬ್ರನ್‌ಗೆ ಈ ಪುಡಿ ಹಿಡಿಸುತ್ತಿರಲಿಲ್ಲ. ಒಬ್ಬ ಡಚೆಸ್‌ಗೆ ಪುಡಿಯಿಲ್ಲದೆ, ಕಪ್ಪು ಕೂದಲನ್ನು ಹಾಗೇ ಬಿಟ್ಟು ಕೂರಲು ಹೇಳಿದಳು. ಡಚೆಸ್ ಅದೇ ತಲೆಯಲ್ಲಿ ನಾಟಕಕ್ಕೆ ಹೋದಳು. ನೋಡಿದವರು ಅದನ್ನೇ ಹಿಡಿದರು. 1787ರಲ್ಲಿ ಮಗಳನ್ನು ಅಪ್ಪಿಕೊಂಡ ತನ್ನದೇ ಚಿತ್ರದಲ್ಲಿ ಹಲ್ಲು ಕಾಣುವಂತೆ ನಕ್ಕಳು. ಮರ್ಯಾದಸ್ಥರು ಚಿತ್ರದಲ್ಲಿ ಹಲ್ಲು ತೋರಿಸುತ್ತಾರೆಯೇ ಎಂದು ಗುಲ್ಲೆದ್ದಿತು. 1783ರಲ್ಲಿ ರಾಣಿಗೇ ರೇಷ್ಮೆ ಬಿಡಿಸಿ ತೆಳು ಬಿಳೀ ಮಸ್ಲಿನ್ ಉಡಿಸಿ ಚಿತ್ರ ಬರೆದಾಗ, ರಾಣಿ ಒಳಂಗಿಯಲ್ಲಿ ನಿಂತಿದ್ದಾಳೆಂದು ಜನ ಬೈದರು. ಆ ಚಿತ್ರವನ್ನು ಪ್ರದರ್ಶನದಿಂದ ತೆಗೆಯಬೇಕಾಯಿತು.

ಆದರೆ ಆ ಮಸ್ಲಿನ್ ಎಲ್ಲಿಯದು? ಯೂರೋಪಿನವರು ಉಡುತ್ತಿದ್ದ ನಯವಾದ ಮಸ್ಲಿನ್ನಿಗೆ ಬಂಗಾಳದ ಮಗ್ಗಗಳು ಹೆಸರಾಗಿದ್ದವು. ಆ ಬಂಗಾಳದಲ್ಲೇ 1770ರ ಬರದಲ್ಲಿ ಲಕ್ಷಾಂತರ ಜನ ಅನ್ನವಿಲ್ಲದೆ ಸತ್ತಿದ್ದರು. ಇನ್ನು ಆ ಉಡುಪಿನ ಮಾದರಿ ಬಂದದ್ದು ಫ್ರಾನ್ಸಿನ ಕೆರಿಬಿಯನ್ ವಸಾಹತುಗಳಿಂದ. ಅಲ್ಲಿನ ಸೇಂಟ್ ಡೊಮಿಂಗೊದಲ್ಲಿ, ಅಂದರೆ ಇಂದಿನ ಹೈಟಿಯಲ್ಲಿ, ಆಫ್ರಿಕಾದಿಂದ ಹಿಡಿದು ತಂದವರು, ಅವರ ಮಕ್ಕಳು ಸೇರಿ 1789ರ ಹೊತ್ತಿಗೆ ಸುಮಾರು 5 ಲಕ್ಷ ಗುಲಾಮರಿದ್ದರು. ಯೂರೋಪು ತಿನ್ನುತ್ತಿದ್ದ ಸಕ್ಕರೆಯಲ್ಲಿ ನೂರಕ್ಕೆ ಸುಮಾರು 40 ಪಾಲು ಆ ಒಂದು ವಸಾಹತಿನದು. ಪ್ಯಾರಿಸ್ಸಿನ ಕಾಫಿಯೂ ಅಲ್ಲಿಂದ ಬರುತ್ತಿತ್ತು. ಕನ್ನಡಿಯಲ್ಲಿ ಸಹಜವಾಗಿ ಕಂಡ ಚೆಲುವಿನ ಹಿಂದೆ ಮಗ್ಗ ಇತ್ತು, ಕಬ್ಬಿನ ಗಾಣ ಇತ್ತು, ಚಾಟಿ ಇತ್ತು.

ಮುಂದೆ 1789. ಅಕ್ಟೋಬರ್ 5ರಂದು ಪ್ಯಾರಿಸ್ಸಿನ ಸಂತೆಯ ಹೆಂಗಸರು, ಮೀನು ಮಾರುವವರು, ಸಾವಿರಾರು ಜನ ಮಳೆಯಲ್ಲಿ ನೆನೆಯುತ್ತಾ ಸುಮಾರು 20 ಕಿಲೋಮೀಟರ್ ನಡೆದು ವರ್ಸೈಗೆ ಹೋದರು. ಕೇಳಿದ್ದು ರೊಟ್ಟಿ. ಮಾರನೆ ದಿನ ರಾಜ ರಾಣಿಯನ್ನು ಪ್ಯಾರಿಸ್ಸಿಗೇ ಕರೆತಂದರು. ಇವರೂ ಪ್ಯಾರಿಸ್ ಹೆಂಗಸರೇ! ಆದರೆ ಇವರ ಅಭಿರುಚಿಯ ಬಗ್ಗೆ ಯಾರೂ ಪುಸ್ತಕ ಬರೆಯೋದಿಲ್ಲ.

ಅದೇ ದಿನಗಳಲ್ಲಿ ಲೆಬ್ರನ್ ಒಂದು ಮಧ್ಯರಾತ್ರಿ ಮಗಳನ್ನು ಕರಕೊಂಡು, ಬಡ ಹೆಂಗಸಿನ ವೇಷ ಹಾಕಿ, ಬಾಡಿಗೆ ಬಂಡಿಯಲ್ಲಿ ಪ್ಯಾರಿಸ್ ಬಿಟ್ಟಳು. ಕುಂಚದಿಂದ ಹತ್ತು ಲಕ್ಷ ಫ್ರಾಂಕಿಗೂ ಹೆಚ್ಚು ದುಡಿದಿದ್ದವಳಿಗೆ ಗಂಡನ ದೆಸೆಯಿಂದ 20 ಫ್ರಾಂಕಿನ ಆದಾಯವೂ ಉಳಿದಿರಲಿಲ್ಲ. ಕೂಲಿಕಾರರ ಕೇರಿ ಸಾಂತ್ ಆಂತ್ವಾನ್ ದಾಟುವಾಗ ಜೀವ ಕೈಯಲ್ಲಿತ್ತು. ಆದರೆ ಕೇರಿ ನಿಶ್ಶಬ್ದವಾಗಿತ್ತು. ಅಲ್ಲಿಯವರೆಲ್ಲ ವರ್ಸೈಗೆ ಹೋಗಿ ಬಂದು ದಣಿದು ಮಲಗಿದ್ದರು ಎಂದು ಅವಳೇ ಬರೆಯುತ್ತಾಳೆ. ಕೇರಿಯ ದಣಿವು ಅವಳನ್ನು ಕಾಪಾಡಿತು.

ಆಮೇಲೆ ಆದದ್ದೆಲ್ಲ ನ್ಯಾಯವಲ್ಲ. ಗ್ರೀಕ್ ಊಟಕ್ಕೆ ಬಂದಿದ್ದ ಮೇಡಂ ಶಾಲ್‌ಗ್ರಿನ್ ಎಂಬಾಕೆಯ ತಲೆಯನ್ನು 1794ರಲ್ಲಿ ಕಡಿದರು. ಅದಕ್ಕೆ ಮೂರು ವರ್ಷ ಮೊದಲು, 1791ರ ಆಗಸ್ಟಿನಲ್ಲಿ, ಸೇಂಟ್ ಡೊಮಿಂಗೊದ ಗುಲಾಮರು ಕಬ್ಬಿನ ಗದ್ದೆಗಳಿಗೆ ಬೆಂಕಿಯಿಟ್ಟು ಎದ್ದಿದ್ದರು. 1804ರ ಜನವರಿ 1ರಂದು ಹೈಟಿ ಸ್ವತಂತ್ರವಾಯಿತು. ಫ್ರಾನ್ಸ್ ಮರೆಯಲಿಲ್ಲ. ಕಳೆದುಕೊಂಡ ತೋಟಗಳಿಗೆ, ಗುಲಾಮರಿಗೆ ಪರಿಹಾರ ಕೊಡಿ ಎಂದು 1825ರಲ್ಲಿ ಯುದ್ಧನೌಕೆಗಳನ್ನು ನಿಲ್ಲಿಸಿ 15 ಕೋಟಿ ಫ್ರಾಂಕ್ ಕೇಳಿತು. 1838ರಲ್ಲಿ ಅದನ್ನು 9 ಕೋಟಿಗೆ ಇಳಿಸಿತು. ಅದಕ್ಕಾಗಿ ಮಾಡಿದ ಸಾಲ ಇಪ್ಪತ್ತನೆಯ ಶತಮಾನದವರೆಗೂ ಹೈಟಿಯ ಬೆನ್ನು ಬಿಡಲಿಲ್ಲ. ಪ್ಯಾರಿಸ್ ಉಂಡ ಸಿಹಿಯ ಬಿಲ್ಲನ್ನು ಕಬ್ಬು ಕಡಿದವರ ಮಕ್ಕಳೇ ತೆತ್ತರು.

ಲೆಬ್ರನ್ 1802ರಲ್ಲಿ ಪ್ಯಾರಿಸ್ಸಿಗೆ ಮರಳಿ, 1842ರವರೆಗೆ ಬದುಕಿ, 600ಕ್ಕೂ ಹೆಚ್ಚು ಮುಖಗಳನ್ನು ಬರೆದುಹೋದಳು. ದರ್ವೇಶ್ ಖಾನನ ಚಿತ್ರ 2019ರಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ ಸುಮಾರು 72 ಲಕ್ಷ ಡಾಲರಿಗೆ ಹೋಯಿತು. ಊಟದೆಲೆಯಲ್ಲಿ ಅಸಹ್ಯವಾಗಿದ್ದ ಕೈ ಗೋಡೆಯ ಮೇಲೆ ಅಷ್ಟು ಬಾಳುತ್ತದೆ. ಗ್ರೀಕ್ ಊಟದ ಅತಿಥಿಗಳ ಹೆಸರು ಒಂದೊಂದಾಗಿ ಅವಳ ನೆನಪುಗಳಲ್ಲಿವೆ. ಅಡಿಗೆ ಮಾಡಿದವರ ಹೆಸರಿಲ್ಲ.

ಗೆಳೆಯರೇ, ಕಷ್ಟದಿಂದ ಮೇಲೆ ಬಂದವರಿಗೆಲ್ಲ ಕೆಳಗಿನದು ತಾನಾಗಿ ಕಾಣುತ್ತದೆ ಎಂಬುದು ಸುಳ್ಳು. ಈಕೆಗಿಂತ ಚೆನ್ನಾಗಿ ಮುಖ ನೋಡಬಲ್ಲವರು ಆ ಕಾಲದಲ್ಲಿ ಕಡಿಮೆ. ಆ ಕಣ್ಣಿಗೂ ತನ್ನ ಅಡಿಗೆಮನೆ ಕಾಣಲಿಲ್ಲ. ನಾವು ಓದಿದವರಾಗಿದ್ದೇವೆ, ನಾಳೆ ನೌಕರಿ ಹಿಡಿಯುತ್ತೇವೆ, ನಮಗೂ ಕುರ್ಚಿ ಬರುತ್ತದೆ, ನಮ್ಮ ನಾಲಿಗೆಗೂ ಹೊಸ ರುಚಿ ಹತ್ತುತ್ತದೆ. ರುಚಿ ಬೇಡ ಎಂದು ನಾನು ಹೇಳುತ್ತಿಲ್ಲ. ಒಳ್ಳೆ ಊಟ, ಒಳ್ಳೆ ಬಟ್ಟೆ, ಒಳ್ಳೆ ಹಾಡು ನಮ್ಮ ಕೇರಿಗೂ ಬೇಕು. ಲೆಕ್ಕ ಮಾತ್ರ ಬಿಡಬಾರದು. ಶಾಲೆಯಲ್ಲಿ ಫ್ರಾನ್ಸಿನ ಕ್ರಾಂತಿ ಪಾಠ ಮಾಡುವ ಮೇಷ್ಟ್ರುಗಳು ಲೂಯಿಯ ತಲೆ ಬಿದ್ದ ತಾರೀಖನ್ನು ಉರು ಹೊಡೆಸಲಿ, ಬೇಡ ಅನ್ನೋದಿಲ್ಲ. ಅದರ ಜೊತೆಗೆ ಕರಿ ಹಲಗೆಯ ಮೇಲೆ ರೊಟ್ಟಿಯ ಬೆಲೆಯನ್ನೂ ದಿನಗೂಲಿಯನ್ನೂ ಬರೆದು, ಭಾಗಾಕಾರ ಮಾಡೋದನ್ನು ಮಕ್ಕಳಿಗೇ ಬಿಡಲಿ.