ಕೂತಲ್ಲಿ ಕೂರದ ಮಗು ಮತ್ತು ದಿಂಬಂ ಘಟ್ಟ

ಏಳಕ್ಕೆ ಐದು ಕೂಡಿಸುವ ಲೆಕ್ಕ ಬರೆದುಕೊಂಡ ಮೂರನೇ ತರಗತಿಯ ಹುಡುಗ, ಉತ್ತರ ಬರೆಯುವ ಮೊದಲೇ ಕಿಟಕಿಯ ಹತ್ತಿರ ನಿಂತಿರುತ್ತಾನೆ. ಪೆನ್ಸಿಲ್ ಎಲ್ಲೋ, ಚಪ್ಪಲಿ ಇನ್ನೆಲ್ಲೋ. ಹಳ್ಳಿಯಲ್ಲಿ ಅವನಿಗೆ ‘ತರಲೆ’ ಎಂಬ ಹೆಸರು. ಪೇಟೆಯವರು ಈಗ ‘ಮೊಬೈಲ್ ನೋಡಿ ಹಾಳಾದ’ ಅನ್ನುತ್ತಾರೆ. ಎರಡು ಮಾತಿನಿಂದಲೂ ಮಗುವಿಗೆ ಅನ್ಯಾಯವೇ.

ಮೊಬೈಲ್ ಬರುವುದಕ್ಕೆ ಎಷ್ಟೋ ಮೊದಲು, 1902ರಲ್ಲಿ, ಲಂಡನ್ನಿನ ವೈದ್ಯ ಜಾರ್ಜ್ ಸ್ಟಿಲ್ ಇಂಥ ಲಕ್ಷಣಗಳಿದ್ದ ಮಕ್ಕಳನ್ನು ವಿವರಿಸಿದ್ದರು. 1937ರಲ್ಲಿ ಅಮೆರಿಕದ ಚಾರ್ಲ್ಸ್ ಬ್ರಾಡ್ಲಿ, ಉತ್ತೇಜಕ ಔಷಧಿ ಕೊಟ್ಟಾಗ ಕೆಲವು ಮಕ್ಕಳು ಶಾಂತವಾಗಿ ಪಾಠಕ್ಕೆ ಕೂತದ್ದನ್ನು ಕಂಡರು. 1968ರ ಅಮೆರಿಕದ ಮಾನಸಿಕ ರೋಗಪಟ್ಟಿ ಓಡಾಟಕ್ಕೆ ಒತ್ತು ಕೊಟ್ಟರೆ 1980ರದು ಗಮನದ ಕೊರತೆಗೆ ಕೊಟ್ಟಿತು. ಎಡಿಎಚ್‌ಡಿ (ಗಮನದ ಕೊರತೆ ಮತ್ತು ಅತಿಚಟುವಟಿಕೆಯ ತೊಂದರೆ) ಎಂಬ ಹೆಸರು ಬಂದದ್ದು 1987ರಲ್ಲಿ.

ಅದೇ ರೋಗಪಟ್ಟಿಯ 2013ರ ಆವೃತ್ತಿಯಲ್ಲಿ ಗಮನಕ್ಕೆ ಒಂಬತ್ತು, ಚಡಪಡಿಕೆ-ಆತುರಕ್ಕೆ ಒಂಬತ್ತು ಲಕ್ಷಣಗಳಿವೆ. ಮಗುವಿನಲ್ಲಿ ಒಂದು ಗುಂಪಿನ ಆರಾದರೂ ಆರು ತಿಂಗಳಿಂದ ಇರಬೇಕು, 12 ವರ್ಷದೊಳಗೆ ಶುರುವಾಗಿರಬೇಕು, ಮನೆ-ಶಾಲೆಯಂಥ ಎರಡು ಕಡೆಯಾದರೂ ಕಾಣಬೇಕು. ರಕ್ತಪರೀಕ್ಷೆಯಲ್ಲಾಗಲಿ ಸ್ಕ್ಯಾನ್‌ನಲ್ಲಾಗಲಿ ಇದು ಸಿಗದು; ಕೇಳಿ ತಿಳಿಯುವುದೇ ಪರೀಕ್ಷೆ. ಗಲಾಟೆ ಮಾಡದೆ ಕನಸು ಕಾಣುತ್ತಾ ಕೂರುವ ಹೆಣ್ಣುಮಕ್ಕಳು ತಪ್ಪಿಹೋಗುವುದು ಇಲ್ಲಿಯೇ.

ಹಾಗೆಂದು ಇದಕ್ಕೆ ಜೈವಿಕ ಬೇರಿಲ್ಲ ಎಂದಲ್ಲ. ಅವಳಿಗಳ ಅಧ್ಯಯನಗಳ ಪ್ರಕಾರ, ಜನರ ನಡುವೆ ಈ ಗುಣದಲ್ಲಿ ಕಾಣುವ ವ್ಯತ್ಯಾಸದ ಸುಮಾರು ಮುಕ್ಕಾಲು ಪಾಲು ಆನುವಂಶಿಕ. 2007ರಲ್ಲಿ ಫಿಲಿಪ್ ಶಾ ತಂಡ ಈ ಮಕ್ಕಳ ಮಿದುಳಿನ ಹೊರಪದರ ಸರಾಸರಿ ಮೂರು ವರ್ಷ ತಡವಾಗಿ ಬಲಿಯುವುದನ್ನು ತೋರಿಸಿತು. ಮೀಥೈಲ್‌ಫೆನಿಡೇಟ್ ಎಂಬ ಇದರ ಔಷಧಿ, ಮಿದುಳಿನ ರಾಸಾಯನಿಕಗಳಾದ ಡೋಪಮೈನ್, ನಾರ್‌ಎಪಿನೆಫ್ರಿನ್‌ಗಳು ನರಕೋಶಕ್ಕೆ ಬೇಗ ಹಿಂತಿರುಗದಂತೆ ತಡೆಯುತ್ತದೆ.

ನಮ್ಮ ಕಡೆ ಈ ಅರಿವಿಗೆ ನೆಲೆ ಕೊಟ್ಟದ್ದು 1974ರಲ್ಲಿ ರೂಪುಗೊಂಡ ಬೆಂಗಳೂರಿನ ನಿಮ್ಹಾನ್ಸ್. ಅಲ್ಲಿನ ಮಕ್ಕಳ ವಾರ್ಡಿನಲ್ಲಿ ಮಗುವಿನ ಜೊತೆ ತಾಯಿಯೋ ತಂದೆಯೋ ಉಳಿಯುತ್ತಾರೆ. ಮಗು ಯಾವಾಗ ಕೆರಳುತ್ತದೆ, ಯಾವಾಗ ತಣ್ಣಗಾಗುತ್ತದೆ ಎಂಬ ಅವರ ಮಾತೂ ಚಿಕಿತ್ಸೆಯ ಭಾಗ. ಅಲ್ಲಿನ ವೈದ್ಯೆ ಶೋಭಾ ಶ್ರೀನಾಥ್ ಮತ್ತು ಸಂಗಡಿಗರು ಬೆಂಗಳೂರಿನ ಮಧ್ಯಮ ವರ್ಗದ ಬಡಾವಣೆ, ಕೊಳೆಗೇರಿ, ಹಳ್ಳಿ ಮೂರನ್ನೂ ಸುತ್ತಿ 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 16 ವರ್ಷದೊಳಗಿನ 12.5% ಮಕ್ಕಳಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಇತ್ತು. ಕೊಯಮತ್ತೂರು ಜಿಲ್ಲೆಯ 770 ಶಾಲಾಮಕ್ಕಳ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನ 11.32% ಮಕ್ಕಳಲ್ಲಿ ಎಡಿಎಚ್‌ಡಿ ಗುರುತಿಸಿತು.

2013ರಲ್ಲೇ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತೊಂದರೆಗಳ ಪಟ್ಟಿಯಲ್ಲಿ ಎಡಿಎಚ್‌ಡಿಯೂ ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹೆಸರಿಸುವ 21 ಬಗೆಗಳಲ್ಲಿ ಅದು ಇಲ್ಲ.

ದಿಂಬಂ ಘಟ್ಟದ ಮೇಲಿನ ಗಡಿ ಊರು ತಾಳವಾಡಿಯ ತೊಡಕು ಇನ್ನೊಂದು. ಮನೆಮಾತು ಕನ್ನಡ, ಸರ್ಕಾರ ತಮಿಳುನಾಡಿನದು. ಚಾಮರಾಜನಗರ ಹತ್ತಿರ, ಆದರೆ ಬೇರೆ ರಾಜ್ಯ. ಜಿಲ್ಲಾಕೇಂದ್ರ ಈರೋಡಿಗೆ ಹೋಗಲು ದಿಂಬಂ ಘಟ್ಟದ 27 ತಿರುವು ಇಳಿಯಬೇಕು. ಕೇಳಿ ತಿಳಿಯುವ ರೋಗಕ್ಕೆ ಕೇಳುವ ಭಾಷೆಯೇ ಉಪಕರಣ. ‘ಚಟುವಟಿಕೆ ಪೂರ್ಣಗೊಳಿಸುವಲ್ಲಿ ವಿಫಲನೇ?’ ಎಂದರೆ ತಾಯಿ ಸುಮ್ಮನಾಗುತ್ತಾಳೆ. ‘ಹಸು ಕಟ್ಟಿ ಬಾ ಅಂದ್ರೆ ದಾರೀಲೇ ಮರೀತಾನಾ? ವಾರಕ್ಕೆ ಎಷ್ಟು ಸಲ?’ ಎಂದರೆ ಬೆರಳು ಮಡಿಸಿ ಲೆಕ್ಕ ಹೇಳುತ್ತಾಳೆ. ಅಂಥ ಪ್ರಶ್ನೆಗಳನ್ನು ಈ ಊರುಗಳಲ್ಲೇ ಕೇಳಿ, ಒರೆಹಚ್ಚಿ, ಶಾಲೆಗೆ ಬರುವ ಆರೋಗ್ಯ ತಂಡದ ಕೈಗೆ ಕೊಡುವುದು ಎರಡು ರಾಜ್ಯಗಳ ವೈದ್ಯರು ಕೂಡಿ ಒಂದೆರಡು ವರ್ಷದಲ್ಲಿ ಮುಗಿಸಬಹುದಾದ ಕೆಲಸ.